ಊರಿಗೆ ಉಪಕಾರಿ

ನಾನು ಕುಡಿತ ಬಿಟ್ಟ ಹೊಸತರಲ್ಲಿ ಹಿತೈಷಿಯೊಬ್ಬರು, 'ಮೊದಲು ನೀನು ನೆಟ್ಟಗಾಗು, ಲೋಕೋದ್ಧಾರ ಆಮೇಲೆ' ಎಂದಿದ್ದರು. ಮಾತು ಸರಿಯೆನ್ನಿಸಿತು. ಆದರೆ ಬಾಗಿಲು ಹಾಕಿಕೊಂಡು ಒಬ್ಬನೇ ಕುಳಿತು ನೆಟ್ಟಗಾಗುವುದು ಹೇಗೆಂದು ಅವರೂ ಹೇಳಲಿಲ್ಲ, ನನಗೂ ತಿಳಿಯಲಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ನನ್ನ ತಪ್ಪು, ನನ್ನ ನಷ್ಟ, ನನ್ನ ಮುಂದಿನ ದಾರಿ. ಬಾಟಲಿ ಹೋಗಿತ್ತು, 'ನಾನು' ಎಂಬ ಚಟ ಹಾಗೇ ಉಳಿದಿತ್ತು.

ಬದುಕು ಮತ್ತೆ ಕಟ್ಟಿಕೊಳ್ಳುವ ಗಂಡಸರಿಗೆ ಈ 'ಆಮೇಲೆ' ಎಂಬ ಸಲಹೆ ಕೊಡಬಾರದು ಎನ್ನುವುದು ನನ್ನ ಅಭಿಪ್ರಾಯ. 1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಎಂಬಾತ ಅಮೆರಿಕದ ಆಕ್ರಾನ್ ನಗರದ ಹೋಟೆಲೊಂದರಲ್ಲಿ ಒಂಟಿಯಾಗಿ ನಿಂತಿದ್ದ. ಕುಡಿತ ಬಿಟ್ಟು ಇನ್ನೂ ಆರು ತಿಂಗಳೂ ತುಂಬಿರಲಿಲ್ಲ, ಬಂದ ವ್ಯವಹಾರ ಕೈಗೂಡಿರಲಿಲ್ಲ, ಹೋಟೆಲಿನ ಬಾರ್ ಕೈಬೀಸಿ ಕರೆಯುತ್ತಿತ್ತು. ಅವನು ಫೋನಿನ ಮುಂದೆ ನಿಂತು ಒಂದರ ಮೇಲೊಂದು ಕರೆ ಮಾಡಿದ. 'ನನಗೆ ಸಹಾಯ ಮಾಡಿ' ಎನ್ನಲಿಕ್ಕಲ್ಲ, ತಾನು ಸಹಾಯ ಮಾಡಬಹುದಾದ ಇನ್ನೊಬ್ಬ ಕುಡುಕನನ್ನು ಹುಡುಕಲಿಕ್ಕೆ. ಹಾಗೆ ಸಿಕ್ಕವರು ಶಸ್ತ್ರವೈದ್ಯ ಬಾಬ್ ಸ್ಮಿತ್. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಸಂಸ್ಥೆ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಆ ಭೇಟಿಯಿಂದ. ಮೂವತ್ತು ವರ್ಷಗಳ ನಂತರ, 1965ರಲ್ಲಿ, ಫ್ರಾಂಕ್ ರೀಸ್‌ಮನ್ ಎಂಬ ಸಾಮಾಜಿಕ ಮನೋವಿಜ್ಞಾನಿ ಇಂಥ ಗುಂಪುಗಳನ್ನು ಗಮನಿಸಿ, ನೆರವು ಪಡೆದವನಿಗಿಂತ ಕೊಟ್ಟವನಿಗೇ ಹಲವು ಬಾರಿ ಹೆಚ್ಚು ಲಾಭವಾಗುತ್ತದೆ ಎಂದು ಬರೆದರು.

ಇಷ್ಟು ಓದಿದ್ದೇ ತಡ, ನಾನು ಸೇವೆಗೆ ಧುಮುಕಿದೆ. ಯಾರಿಗೋ ರಕ್ತ ಬೇಕೆಂದರೆ ನಾನು, ನಡುರಾತ್ರಿ ಆಸ್ಪತ್ರೆಗೆ ಓಡಬೇಕೆಂದರೆ ನಾನು. ಎಲ್ಲರೂ ಹೊಗಳಿದರು. ಹೊಗಳಿಕೆಗೂ ಅಮಲಿದೆ, ಬೆಳಿಗ್ಗೆ ತಲೆನೋವು ಬರುವುದಿಲ್ಲ ಎನ್ನುವುದಷ್ಟೇ ವ್ಯತ್ಯಾಸ. ಆ ಹೊತ್ತಿನಲ್ಲಿ ನಾನು ಫೋನ್ ಮಾಡದೆ ಉಳಿಸಿಕೊಂಡಿದ್ದ ಒಬ್ಬನೇ ಒಬ್ಬ ಮನುಷ್ಯ ನನ್ನ ತಮ್ಮ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ನನ್ನಂಥವನನ್ನು ನೋಡಿಯೇ ಕಟ್ಟಿರಬೇಕು.

ತಪ್ಪಿಸಿಕೊಳ್ಳಲು ಉಪಕಾರದಷ್ಟು ಮರ್ಯಾದಸ್ಥ ದಾರಿ ಬೇರೊಂದಿಲ್ಲ. ಕೊಡುವವನ ಕೈ ಮೇಲಿರುತ್ತದೆ, ಅವನನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ. ಕೇಳಿದ್ದರೂ ಉತ್ತರಿಸಲು ನನ್ನ ಬಳಿ ಶಬ್ದಗಳಿರಲಿಲ್ಲ. ಭಾವನೆಗಳನ್ನು ಗುರುತಿಸಿ ಹೆಸರಿಟ್ಟು ಹೇಳಲಾಗದ ಸ್ಥಿತಿಗೆ ಮನೋವೈದ್ಯ ಪೀಟರ್ ಸಿಫ್ನಿಯೋಸ್ 1970ರ ದಶಕದಲ್ಲಿ ಅಲೆಕ್ಸಿಥೈಮಿಯಾ ಎಂದು ಹೆಸರಿಟ್ಟರು. ಗಂಡುಮಕ್ಕಳನ್ನು ಬೆಳೆಸುವ ರೀತಿಯೇ ಇದರ ಸೌಮ್ಯ ರೂಪವೊಂದನ್ನು ಮಾಮೂಲಿಯಾಗಿಸಿದೆ ಎಂಬುದು ಮನೋವಿಜ್ಞಾನಿ ರೊನಾಲ್ಡ್ ಲೆವಂಟ್ ಅವರ ವಾದ. ನನ್ನ ನಿಘಂಟಿನಲ್ಲಿ ಇದ್ದವು ಎರಡೇ: 'ಸಿಟ್ಟು' ಮತ್ತು 'ಏನಿಲ್ಲ ಬಿಡು'. ನಾಚಿಕೆ, ಹೆದರಿಕೆ, ಅಸೂಯೆ, ಕೊರಗು ಎಲ್ಲವನ್ನೂ ಇವೆರಡರಲ್ಲೇ ತುರುಕುತ್ತಿದ್ದೆ.

ಕುಡಿತ ಬಿಡುವವರಿಗೆ ಆಲ್ಕೊಹಾಲಿಕ್ಸ್ ಅನಾನಿಮಸ್ ಹೇಳುವ ಹನ್ನೆರಡು ಹೆಜ್ಜೆಗಳನ್ನು ಮತ್ತೆ ಓದಿದಾಗ, ಹಿಂದಿನ ಸಲ ಕಣ್ತಪ್ಪಿ ಹೋಗಿದ್ದು ಕಾಣಿಸಿತು. ನೆರವಾಗಲು ಇತರ ಕುಡುಕರ ಬಳಿಗೆ ಹೋಗುವುದು ಹನ್ನೆರಡನೆಯದು. ಅದಕ್ಕೂ ಮೊದಲು, ಎಂಟರಲ್ಲಿ, ತಾನು ನೋಯಿಸಿದವರ ಪಟ್ಟಿ ಮಾಡಬೇಕು. ಒಂಬತ್ತರಲ್ಲಿ ಅದನ್ನು ಸರಿಪಡಿಸಲು ಹೋಗಬೇಕು, ಹೋಗುವುದರಿಂದ ಅವರಿಗೋ ಬೇರೆಯವರಿಗೋ ನೋವಾಗುವುದಿದ್ದರೆ ಮಾತ್ರ ಹೋಗಬಾರದು. ಈ ಕೊನೆಯ ಷರತ್ತು ನನಗೆ ಬಹಳ ಹಿಡಿಸಿತು. ಕ್ಷಮೆ ಕೇಳಿ ಹಗುರಾಗುವ ಆತುರವೂ ಸ್ವಾರ್ಥವಾಗಬಹುದು. ಹಾಗೆಂದು ನಾನು ಹನ್ನೆರಡನೆಯದನ್ನು ಬಿಡಲಿಲ್ಲ, ರಕ್ತ ಕೊಡುವುದನ್ನೂ ಬಿಡಲಿಲ್ಲ. ಒಬ್ಬರಿಗೆ ಕೊಡಬೇಕಾದ ಸಾಲವನ್ನು ಇನ್ನೊಬ್ಬರಿಗೆ ತೀರಿಸಿ ಲೆಕ್ಕ ಚುಕ್ತಾ ಎನ್ನುವುದನ್ನು ಬಿಟ್ಟೆ, ಅಷ್ಟೇ.

ತಮ್ಮನಿಗೆ ಫೋನ್ ಮಾಡಲು ನಾಲ್ಕು ದಿನ ಬೇಕಾಯಿತು. 'ನಿನ್ನ ಮದುವೆಗೆ ಕುಡಿದು ಬಂದಿದ್ದೆ. ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ' ಎಂದೆ. 'ಕೆಲಸದಲ್ಲಿದ್ದೇನೆ ಅಣ್ಣ' ಎಂದು ಇಟ್ಟುಬಿಟ್ಟ. ಎರಡು ತಿಂಗಳು ಸದ್ದಿಲ್ಲ. ಅಷ್ಟರಲ್ಲಿ ಎಷ್ಟು ಸಲ ಮತ್ತೆ ಕರೆ ಮಾಡಹೊರಟು ಸುಮ್ಮನಾದೆನೋ ಲೆಕ್ಕವಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅವನೇ ಕರೆದ. ಮನೆ ಬದಲಾಯಿಸುತ್ತಿದ್ದಾನಂತೆ, ಬರಬೇಕಿದ್ದ ಆಳು ಕೈಕೊಟ್ಟಿದ್ದಾನಂತೆ. ಹೋದೆ. ಬೀರುವಿನ ಒಂದು ತುದಿ ಅವನು ಹಿಡಿದ, ಇನ್ನೊಂದು ನಾನು. ಮೂರು ಅಂತಸ್ತು ಇಳಿಯುವವರೆಗೂ 'ಮೆಲ್ಲಗೆ', 'ಎಡಕ್ಕೆ', 'ಗೋಡೆ ತಾಗುತ್ತದೆ ನೋಡು' ಎಂಬುದನ್ನು ಬಿಟ್ಟು ನಾವು ಬೇರೇನೂ ಮಾತನಾಡಲಿಲ್ಲ.