ಚಿನ್ನದ ಹಳಿ, ಆಗ್ನೇಯದ ತಿರುವು

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ ಘಾಟ್ ರೈಲುಮಾರ್ಗ 55 ಕಿಲೋಮೀಟರ್. 57 ಸುರಂಗ, 109 ಸೇತುವೆ, ಐವತ್ತಕ್ಕೆ ಒಂದರ ಏರು. ಇಷ್ಟನ್ನೂ ಮೈನ್‌ಕ್ರಾಫ್ಟ್ ಅನ್ನುವ, ಬ್ಲಾಕ್ ಪೇರಿಸಿ ಲೋಕ ಕಟ್ಟುವ ಕಂಪ್ಯೂಟರ್ ಆಟದಲ್ಲಿ ಕಟ್ಟಿಯೇ ತೀರುತ್ತೇನೆ ಅಂತ ಹಾಸನದಲ್ಲಿ ಬೇಸಿಗೆ ರಜೆ ಬಂದ ತಕ್ಷಣ ಮನೆಗೊಬ್ಬ ರೈಲ್ವೆ ಇಂಜಿನಿಯರ್ ಹುಟ್ಟಿಕೊಳ್ಳುತ್ತಾನೆ. ಸರ್ವೆ ಇಲ್ಲ, ಟೆಂಡರ್ ಇಲ್ಲ, ಆನೆ ಕಾರಿಡಾರಿನ ತಕರಾರಿಲ್ಲ. ಮೊದಲ ದಿನವೇ ಹಳಿ ಬೀಳುತ್ತದೆ. ಮೊದಲ ದಿನವೇ ಗಾಡಿ ನಿಲ್ಲುತ್ತದೆ ಕೂಡ.

ಒಂದು ಬ್ಲಾಕಿಗೆ ಒಂದು ಮೀಟರ್ ಅಂತ ಶುರು ಮಾಡುವುದು ಮೊದಲ ಎಡವಟ್ಟು. 2021ರ 1.18 ಆವೃತ್ತಿಯಿಂದ ಈಚೆಗೆ ಆಟದ ಲೋಕ ತಳದಿಂದ ತುದಿಗೆ ಒಟ್ಟು 384 ಬ್ಲಾಕ್ ಎತ್ತರ, ಅಷ್ಟೇ. ಪಶ್ಚಿಮ ಘಟ್ಟ ಅದರಲ್ಲಿ ಹಿಡಿಸುವುದಿಲ್ಲ. ಎಲ್ಲವನ್ನೂ ಎಂಟರಲ್ಲೊಂದು ಪಾಲಿಗೆ ಕುಗ್ಗಿಸಿ. 1,930 ಮೀಟರಿನ ಮುಳ್ಳಯ್ಯನಗಿರಿ 241 ಬ್ಲಾಕ್ ಆಗುತ್ತದೆ. ಆಟದ ಸಮುದ್ರಮಟ್ಟ 62ರಿಂದ ಎಣಿಸಿದರೆ ಶಿಖರ 303ಕ್ಕೆ. ಲೋಕದ ತಳ ಸೊನ್ನೆಗಿಂತ 64 ಕೆಳಗೆ, ಮಾಳಿಗೆ ಇರುವುದು 320ರಲ್ಲಿ, ಹಾಗಾಗಿ ಮೇಲೆ ದೇವಸ್ಥಾನಕ್ಕೂ ಜಾಗ ಉಳಿಯುತ್ತದೆ. ಘಾಟ್ ಮಾರ್ಗ 6,875 ಬ್ಲಾಕಿಗೆ ಇಳಿಯುತ್ತದೆ.

ಇನ್ನು ಸಾಮಾನಿನ ಪಟ್ಟಿ. ಆರು ಕಬ್ಬಿಣದ ಗಟ್ಟಿಗೆ ಒಂದು ಕಡ್ಡಿ ಸೇರಿಸಿದರೆ 16 ಮಾಮೂಲಿ ಹಳಿ. ಆರು ಚಿನ್ನದ ಗಟ್ಟಿ, ಒಂದು ಕಡ್ಡಿ, ಒಂದು ಚಿಟಿಕೆ ರೆಡ್‌ಸ್ಟೋನ್ (ಆಟದಲ್ಲಿ ಕರೆಂಟಿನ ಕೆಲಸ ಮಾಡುವ ಕೆಂಪು ಪುಡಿ) ಸೇರಿಸಿದರೆ ಆರು ಪವರ್ಡ್ ರೈಲು, ಅಂದರೆ ಗಾಡಿಯನ್ನು ತಳ್ಳುವ ಹಳಿ. ತಲಾ ಒಂದು ಗಟ್ಟಿ ಚಿನ್ನ! ಊಟಕ್ಕೆ ಕರೆಯಲು ಬಂದ ಅಜ್ಜಿಯ ಕಿವಿಗೆ ಈ ಲೆಕ್ಕ ಬಿದ್ದರೆ ಮುಗಿಯಿತು.

"ಏನೋ ಪುಟ್ಟ, ಬಂಗಾರಾನ ರೈಲಿಗೆ ಹಾಸ್ತಾರೇನೋ?"

"ಪೂರ್ತಿ ಹಾಸಲ್ಲ ಅಜ್ಜಿ, ಮೂವತ್ತೆಂಟಕ್ಕೆ ಒಂದು."

"ನಿಮ್ಮಮ್ಮನಿಗೆ ಹೇಳಬೇಡ, ಬೀರು ಕೀಲಿ ಬಚ್ಚಿಡ್ತಾಳೆ."

ಮೊಮ್ಮಗ ಹೇಳಿದ್ದು ಸರಿ. ಒಬ್ಬರು ಕೂತಿರುವ ಗಾಡಿ ಸಮತಟ್ಟು ನೆಲದಲ್ಲಿ ಪೂರ್ತಿ ವೇಗ ಉಳಿಸಿಕೊಳ್ಳಲು 38 ಬ್ಲಾಕಿಗೆ ಒಂದು ಚಿನ್ನದ ಹಳಿ ಸಾಕು. ಪೂರ್ತಿ ವೇಗ ಅಂದರೆ ಸೆಕೆಂಡಿಗೆ 8 ಬ್ಲಾಕ್, ಗಂಟೆಗೆ 28.8 ಕಿಲೋಮೀಟರ್. ನಿಜವಾದ ಘಾಟಿನಲ್ಲೂ ರೈಲು ಹೆಚ್ಚುಕಮ್ಮಿ ಇದೇ ವೇಗದಲ್ಲಿ ತೆವಳುವುದು, ಆದ್ದರಿಂದ ಇದನ್ನು ಕೊರತೆ ಅಂತ ದೂರುವ ಹಾಗಿಲ್ಲ. ಐವತ್ತಕ್ಕೆ ಒಂದು ಬ್ಲಾಕ್ ಏರುವ ನಮ್ಮ ಮಾರ್ಗದಲ್ಲಿ ಏರುವ ಬ್ಲಾಕಿನ ಮೇಲೆಯೇ ಒಂದು, ಸಮತಟ್ಟಿನ ನಡುವೆ ಇನ್ನೊಂದು, ಹೀಗೆ 25ಕ್ಕೊಂದರಂತೆ ಹಾಕುವುದು ಒಳ್ಳೆಯದು. ಒಟ್ಟು 275 ಚಿನ್ನದ ಹಳಿ, 6,600 ಮಾಮೂಲಿ ಹಳಿ, ಅದಕ್ಕೆ 2,478 ಗಟ್ಟಿ ಕಬ್ಬಿಣ. ಐವತ್ತಕ್ಕೆ ಒಂದು ಯಾಕೆ, ನೇರ ಏಣಿ ಹಾಕಿದ ಹಾಗೆ ಬ್ಲಾಕಿಗೊಂದು ಬ್ಲಾಕ್ ಏರಿಸುತ್ತೇನೆ ಅನ್ನುವವರು ಕೂತ ಗಾಡಿಗೆ ನಾಲ್ಕಕ್ಕೊಂದು, ಖಾಲಿ ಗಾಡಿಗೆ ಎರಡಕ್ಕೊಂದು ಚಿನ್ನ ಸುರಿಯಬೇಕು.

ಈಗ ಅಸಲು ವಿಷಯ. ಚಿನ್ನದ ಹಳಿಗೆ ಕರೆಂಟ್ ಇದ್ದರೆ ತಳ್ಳುತ್ತದೆ, ಇಲ್ಲದಿದ್ದರೆ ಹಿಡಿದು ನಿಲ್ಲಿಸುತ್ತದೆ. ಸುಮ್ಮನೆ ಮಲಗಿರುವುದಿಲ್ಲ, ಬ್ರೇಕ್ ಆಗುತ್ತದೆ. ಆಟದಲ್ಲಿ ಕೆಟ್ಟು ನಿಂತ ರೈಲುಗಳಲ್ಲಿ ಬಹುಪಾಲು ನಿಂತಿರುವುದು ಇದನ್ನು ಮರೆತದ್ದಕ್ಕೆ. ಪ್ರತಿ ಚಿನ್ನದ ಹಳಿಯ ಪಕ್ಕದಲ್ಲಿ ಒಂದು ರೆಡ್‌ಸ್ಟೋನ್ ಟಾರ್ಚ್ ಇರಲೇಬೇಕು. ಟಾರ್ಚ್ ಉಳಿಸುವ ಜಾಣರು ಹಳಿಗಳನ್ನು ಸಾಲಾಗಿ ಅಂಟಿಸಿ ಒಂದು ತುದಿಗೆ ಮಾತ್ರ ಟಾರ್ಚ್ ನೆಡುತ್ತಾರೆ. ಟಾರ್ಚ್ ತಾಗಿದ ಹಳಿಯಿಂದ ಕರೆಂಟ್ ಒಂದು ಕಡೆಗೆ ಇನ್ನು ಎಂಟು ಹಳಿ ದಾಟುತ್ತದೆ, ಒಂಬತ್ತನೆಯದಕ್ಕೆ ಹೋಗುವುದಿಲ್ಲ. ಇಪ್ಪತ್ತು ಹಾಕಿದರೆ ಮೊದಲ ಒಂಬತ್ತು ತಳ್ಳುತ್ತವೆ, ಉಳಿದ ಹನ್ನೊಂದು ಹಿಡಿಯುತ್ತವೆ. ಟಾರ್ಚನ್ನು ನಡುವಿನಲ್ಲಿ ಇಟ್ಟರೆ ಹದಿನೇಳರವರೆಗೆ ಒಂದೇ ಟಾರ್ಚ್ ಸಾಕು.

ಏರಿನಲ್ಲಿ ಇದೇ ತಪ್ಪಾದರೆ ಮಜಾ ಬೇರೆ. ಸುರಂಗ ಕೊರೆಯುವಾಗ ಗುದ್ದಲಿ ತಾಗಿ ಒಂದು ಟಾರ್ಚ್ ಕಿತ್ತುಹೋಗಿರುತ್ತದೆ. ಗಾಡಿ ಅರ್ಧ ಘಾಟಿನಲ್ಲಿ ಗಕ್ಕನೆ ನಿಲ್ಲುತ್ತದೆ. ಹುಡುಗ ಇಳಿದು ಟಾರ್ಚನ್ನು ಮತ್ತೆ ನೆಡುತ್ತಾನೆ. ಕರೆಂಟ್ ಬಂದ ಕೂಡಲೇ ಗಾಡಿ ಹೊರಡುವುದು ಮೇಲಕ್ಕಲ್ಲ, ಕೆಳಕ್ಕೆ. ಏರಿನ ಮೇಲೆ ನಿಂತ ಗಾಡಿ ಮೊದಲು ಜಾರುತ್ತದೆ. ಜಾರುವ ದಿಕ್ಕಿಗೇ ಚಿನ್ನದ ಹಳಿ ಒದೆಯುತ್ತದೆ. ಹಿಂದೆ ದಾಟಿಬಂದ ಹಳಿಗಳೂ ಒಂದೊಂದಾಗಿ ಒದ್ದು ಕಳಿಸುತ್ತವೆ. ನಿಜವಾದ ಘಾಟ್ ಮಾರ್ಗಗಳಲ್ಲಿ ಹೀಗೆ ಓಡಿದ ಗಾಡಿಯನ್ನು ಹಿಡಿಯಲು ಕ್ಯಾಚ್ ಸೈಡಿಂಗ್ ಅಂತ ಏರುಮುಖದ ಕವಲು ಹಳಿ ಇರುತ್ತದೆ. ಆಟದಲ್ಲಿ ಅದನ್ನು ಕಟ್ಟಿಕೊಂಡವರನ್ನು ಕಾಣುವುದು ಕಷ್ಟ. ಸುಲಭದ ಉಪಾಯ: ಗಾಡಿಯನ್ನು ಒಡೆದು ಕೈಚೀಲಕ್ಕೆ ಹಾಕಿಕೊಂಡು, ಸಮತಟ್ಟು ಜಾಗದಲ್ಲಿ ಮತ್ತೆ ಇಟ್ಟು ಹತ್ತುವುದು.

ಸ್ಟೇಷನ್ನಿನಲ್ಲಿ ಇದಕ್ಕೆ ಉಲ್ಟಾ. ಬಟನ್ ಒತ್ತಿದರೂ ಗಾಡಿ ಅಲುಗುವುದಿಲ್ಲ. ಸಮತಟ್ಟಿನಲ್ಲಿ ನಿಂತ ಗಾಡಿಗೆ ಯಾವ ಕಡೆ ಹೋಗಬೇಕೆಂದು ಚಿನ್ನದ ಹಳಿ ಹೇಳುವುದಿಲ್ಲ, ಹೋಗುತ್ತಿದ್ದರೆ ಮಾತ್ರ ತಳ್ಳುತ್ತದೆ. ಹಳಿ ಮುಗಿಯುವ ಕಡೆ, ಗಾಡಿಯ ಬೆನ್ನಿಗೆ ಒಂದು ಗಟ್ಟಿ ಬ್ಲಾಕ್ ಇಡಿ, ಕಲ್ಲಾದರೂ ಸರಿ. ಆಗ ಆ ಬ್ಲಾಕಿಗೆ ಬೆನ್ನು ಕೊಟ್ಟು ಮುಂದಕ್ಕೆ ಚಿಮ್ಮುತ್ತದೆ. ಇಡೀ ಸ್ಟೇಷನ್ ಅಂದರೆ ಇಷ್ಟೇ: ಒಂದು ಬ್ಲಾಕ್, ಒಂದು ಚಿನ್ನದ ಹಳಿ, ಪಕ್ಕದಲ್ಲೊಂದು ಬಟನ್. ಉಳಿದ ಕಮಾನು, ಗಡಿಯಾರ, ಕಾಫಿ ಸ್ಟಾಲ್ ಎಲ್ಲ ಶೋಕಿ.

ಕವಲು ಹಾಕುವಾಗ ಆಟದ ಜಾವಾ ಆವೃತ್ತಿಯಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಆಡುವ ಮೂಲ ಆವೃತ್ತಿಯಲ್ಲಿ, ಒಂದು ವಿಚಿತ್ರ ಇದೆ. ಮೂರು ಕಡೆಯಿಂದ ಹಳಿ ಕೂಡುವಲ್ಲಿ ನಡುವಿನ ಹಳಿ ತಾನಾಗಿ ಬಾಗುತ್ತದೆ. ಉತ್ತರ ದಕ್ಷಿಣ ಎರಡೂ ಇದ್ದರೆ ದಕ್ಷಿಣಕ್ಕೆ, ಪೂರ್ವ ಪಶ್ಚಿಮ ಎರಡೂ ಇದ್ದರೆ ಪೂರ್ವಕ್ಕೆ. ಒಟ್ಟಿನಲ್ಲಿ ಒಲವು ಆಗ್ನೇಯಕ್ಕೆ. ಸ್ವೀಡನ್ನಿನಲ್ಲಿ ಕೂತು ಆಟ ಬರೆದವರಿಗೆ ಅಡುಗೆಮನೆ ಯಾವ ಮೂಲೆಗೆ ಬರಬೇಕೆಂದು ಯಾರು ಹೇಳಿಕೊಟ್ಟರೋ! ವಾಯವ್ಯಕ್ಕೆ ಕಡೂರು ಲೈನು ಬೇಕಾದವರು ಆ ಬಾಗಿದ ಹಳಿಯ ಪಕ್ಕ ಒಂದು ಲಿವರ್ ನೆಟ್ಟು ಎಳೆಯಬೇಕು, ಆಗ ಮಗ್ಗುಲು ಬದಲಿಸುತ್ತದೆ. ಬಾಗುವುದು ಮಾಮೂಲಿ ಹಳಿ ಮಾತ್ರ. ತಿರುವಿನಲ್ಲಿ ಚಿನ್ನ ಹಾಕಿ, ಬಾಗಲಿಲ್ಲ ಅಂತ ಕಂಪ್ಯೂಟರಿಗೆ ಬೈಯುವುದು ವ್ಯರ್ಥ.

ಖಾಲಿ ಗಾಡಿಯನ್ನು ವಾಪಸ್ ಕಳಿಸಿದರೆ ದಾರಿಯಲ್ಲಿ ಸಿಕ್ಕ ಹಂದಿ, ಕುರಿ, ಕೋಳಿ ಯಾವುದಾದರೂ ಹತ್ತಿ ಕೂರುತ್ತದೆ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರ ಹಾಗೆ ಆಮೇಲೆ ಇಳಿಯುವ ಮಾತೇ ಇಲ್ಲ. ಗಾಡಿ ಒಡೆಯಬೇಕು. ಎರಡೂ ಬದಿಗೆ ಬೇಲಿ ಹಾಕಿದರೆ ಈ ತಾಪತ್ರಯ ಇಲ್ಲ. ಪೆಟ್ಟಿಗೆ ಕಟ್ಟಿದ ಸಾಮಾನು ಗಾಡಿಗೆ 38ರ ಲೆಕ್ಕ ನಡೆಯುವುದಿಲ್ಲ, ಅದು ಬೇಗ ಸುಸ್ತಾಗುತ್ತದೆ. ಮೇಲಾಗಿ, ಆಡುವವರು ತೀರಾ ದೂರವಿದ್ದರೆ ಆ ಭಾಗದ ಲೋಕವೇ ಹೆಪ್ಪುಗಟ್ಟಿ, ಕಾಫಿ ಮೂಟೆ ಘಾಟಿನ ನಡುವಿನ ಎಡಕುಮೇರಿ ಸ್ಟೇಷನ್ನಿನಲ್ಲೇ ಉಳಿಯುತ್ತದೆ.

ಮಳೆಗೆ ಹೆದರಬೇಕಿಲ್ಲ. 2018ರ ಆಗಸ್ಟಿನಲ್ಲಿ ನಿಜವಾದ ಘಾಟಿನಲ್ಲಿ ಗುಡ್ಡ ಕುಸಿದು ರೈಲು ನಿಂತಿತ್ತು; ಆಟದಲ್ಲಿ ಮರಳು, ಜಲ್ಲಿಯಂಥವು ಬೀಳುತ್ತವೆ, ಮಣ್ಣು ಕೆಳಗೆ ಆಧಾರವಿಲ್ಲದೆಯೂ ಗಾಳಿಯಲ್ಲೇ ನಿಲ್ಲುತ್ತದೆ. ಹರಿಯುವ ನೀರು ಹಳಿಯನ್ನು ಕೊಚ್ಚಿಕೊಂಡು ಹೋಗುತ್ತಿದ್ದುದೂ 1.17ಕ್ಕೆ ಮುಗಿಯಿತು. ಗುಡ್ಡ ಕುಸಿತದ ಕೆಲಸವನ್ನು ಅಲ್ಲಿ ಕ್ರೀಪರ್ ಅನ್ನುವ, ಹತ್ತಿರ ಬಂದು ಸಿಡಿಯುವ ಜೀವಿ ವಹಿಸಿಕೊಂಡಿದೆ.

ಇಷ್ಟೆಲ್ಲ ಮುಗಿಸಿ 14 ನಿಮಿಷದಲ್ಲಿ ಘಾಟ್ ಇಳಿದವನ ಮುಂದೆ ಚಿಕ್ಕಮಗಳೂರಿನ ಚಿಕ್ಕಪ್ಪನ ಮಗ ಬಂದು ಪ್ಯಾಕ್ಡ್ ಐಸ್, ಅಂದರೆ ಕರಗದ ಮಂಜುಗಡ್ಡೆಯ ಬ್ಲಾಕ್, ಹಾಸಿ ಅದರ ಮೇಲೆ ದೋಣಿ ಬಿಡುತ್ತಾನೆ: ಐದು ಹಲಗೆಯ ದೋಣಿ, ಇಬ್ಬರು ಕೂರಬಹುದು, ಸೆಕೆಂಡಿಗೆ 40 ಬ್ಲಾಕ್. ಅದೇ ದೂರ ಮೂರು ನಿಮಿಷದೊಳಗೆ! ಇಂಜಿನಿಯರ್ ಸಾಹೇಬರ ಮುಖ ಸಣ್ಣದಾಗುತ್ತದೆ. ಆದರೆ ದೋಣಿ ಒಂದು ಬ್ಲಾಕ್ ಏರನ್ನೂ ಹತ್ತುವುದಿಲ್ಲ. ಸುಬ್ರಹ್ಮಣ್ಯಕ್ಕೆ ದೋಣಿಯಲ್ಲಿ ಜಾರಿ ಹೋದ ಚಿಕ್ಕಪ್ಪನ ಮಗ ವಾಪಸ್ ಬರಬೇಕಾದರೆ ರೈಲೇ ಹತ್ತಬೇಕು, ಟಿಕೆಟ್ಟಿನ ದರ ಆಮೇಲೆ ಮಾತಾಡೋಣ.