ಸತ್ಯಾಂಶ: ರೊಟೇಶನ್ ಅಳತೆಯೂ ಸಿಡಿಯೂ ಒಂದೇ ಅಲ್ಲ

'ಆಪ್ಟಿಕಲ್ ರೊಟೇಶನ್, ಸರ್ಕ್ಯುಲರ್ ಡೈಕ್ರೋಯಿಸಂ ಅಂದ್ರೆ ಸಿಡಿ, ಎರಡೂ ಒಂದೇ ಪರೀಕ್ಷೆ, ಒಂದು ಮಾಡಿದರೆ ಸಾಕು' ಎಂಬ ಮೆಸೇಜ್ ಕೆಮಿಸ್ಟ್ರಿ ವಿದ್ಯಾರ್ಥಿಗಳ ಗ್ರೂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಎಡಗೈ-ಬಲಗೈಯಂತೆ ಜೋಡಿಯಾಗಿರುವ ಅಣುಗಳನ್ನೇ ಎರಡೂ ನೋಡುತ್ತವೆ, ನಿಜ. ಆದರೆ ಎಡಕ್ಕೆ ಸುತ್ತುವ ಬೆಳಕು, ಬಲಕ್ಕೆ ಸುತ್ತುವ ಬೆಳಕು ದ್ರಾವಣದೊಳಗೆ ಬೇರೆ ಬೇರೆ ವೇಗದಲ್ಲಿ ಸಾಗಿದರೆ ಬೆಳಕಿನ ಕಂಪನದ ದಿಕ್ಕು ತಿರುಗುತ್ತದೆ. ಅದು ರೊಟೇಶನ್. ಎರಡರಲ್ಲಿ ಯಾವುದನ್ನು ದ್ರಾವಣ ಜಾಸ್ತಿ ಹೀರಿತು ಅನ್ನುವುದು ಸಿಡಿ. ಹೀರದಿದ್ದರೆ ಸಿಡಿಯೇ ಇಲ್ಲ.

ಸಕ್ಕರೆ ನೀರನ್ನೇ ನೋಡಿ. ಸೋಡಿಯಂ ದೀಪದ 589 ನ್ಯಾನೋಮೀಟರ್ ಹಳದಿ ಬೆಳಕಿನಲ್ಲಿ ಸಕ್ಕರೆಯ ನಿರ್ದಿಷ್ಟ ರೊಟೇಶನ್ ಸುಮಾರು +66.5 ಡಿಗ್ರಿ. ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕಬ್ಬಿನ ಹಾಲಿನ 'ಪೋಲ್', ಅಂದ್ರೆ ಅದರಲ್ಲಿರುವ ಸಕ್ಕರೆಯ ಅಂದಾಜು ಪ್ರಮಾಣ, ಅಳೆಯುವುದು ಹೀಗೇ. ಆದರೆ ಸಕ್ಕರೆ ಹಳದಿ ಬೆಳಕನ್ನು ಹೀರುವುದಿಲ್ಲ, ಅಲ್ವಾ? ಹಾಗಾಗಿ ಅಲ್ಲಿ ಸಿಡಿ ಸೊನ್ನೆ.

ಎಲ್ಲಾ ತರಂಗಾಂತರಗಳಲ್ಲೂ ಅಳೆದರೆ ಒಂದರಿಂದ ಇನ್ನೊಂದನ್ನು ಲೆಕ್ಕ ಹಾಕಬಹುದು. ಗೊಂದಲ ಹುಟ್ಟಿದ್ದು ಬಹುಶಃ ಇದರಿಂದಲೇ.

ಪ್ರೋಟೀನಿನಲ್ಲಿ ಸಿಡಿಯ ಬೆಲೆ ಗೊತ್ತಾಗುತ್ತದೆ. ಆಲ್ಫಾ ಹೆಲಿಕ್ಸ್, ಅಂದ್ರೆ ಸ್ಪ್ರಿಂಗಿನಂತೆ ಸುತ್ತಿಕೊಂಡ ಭಾಗ, ಇದ್ದರೆ ಸಿಡಿ ಗ್ರಾಫಿನ ಗೆರೆ 208 ಮತ್ತು 222 ನ್ಯಾನೋಮೀಟರ್ ಹತ್ತಿರ ಎರಡು ಸಲ ಕೆಳಗಿಳಿಯುತ್ತದೆ. ಬಿಸಿ ಮಾಡುತ್ತಾ ಹೋದರೆ ಪ್ರೋಟೀನ್ ಬಿಚ್ಚಿಕೊಳ್ಳುತ್ತದೆ, ಆ ಎರಡು ತಗ್ಗುಗಳೂ ಮೆಲ್ಲಗೆ ಮೇಲೇಳುತ್ತವೆ. ನೋಡೋಕೆ ತುಂಬಾ ಚೆಂದ. 589ರಲ್ಲಿ ಸಿಗುವ ಒಂದು ಅಂಕಿ ಇಷ್ಟೆಲ್ಲಾ ಹೇಳಲಾರದು.