ಕೋಲಾರದ ಟೊಮೆಟೊ ಮೊದಲು ಒಣಗಲಿ

ನಾನು ನೆಲೆಸಿರುವ ಸೇಲಂ ಸುತ್ತ ಸಬ್ಬಕ್ಕಿ ಫ್ಯಾಕ್ಟರಿಗಳು ತುಂಬಾ. ಮರಗೆಣಸು ಅರೆದು ಹಾಲು ಸೋಸಿದ ಮೇಲೆ ಉಳಿಯುವ ನಾರಿನ ಚರಟಕ್ಕೆ ಇಲ್ಲಿನವರು ‘ತಿಪ್ಪಿ’ ಅನ್ನುತ್ತಾರೆ. ಅದನ್ನು ಸಿಮೆಂಟ್ ಕಣದಲ್ಲಿ ಹರವಿ, ತಿರುವಿಹಾಕುತ್ತಾ, ಕೈಯಲ್ಲಿ ಹಿಡಿದರೆ ಗರಗರ ಅನ್ನುವವರೆಗೆ ಒಣಗಿಸಿ ಮೂಟೆ ಕಟ್ಟುತ್ತಾರೆ. ಮೇವಿನ ಮಿಲ್ಲಿನವರು ದುಡ್ಡು ಕೊಟ್ಟು ಒಯ್ಯುತ್ತಾರೆ. ನಮ್ಮ ಕೋಲಾರದಲ್ಲೋ, 15 ಕಿಲೋ ಬಾಕ್ಸಿಗೆ ಬಿಡಿಸಿದ ಕೂಲಿಯೂ ಗಿಟ್ಟದ ದಿನ ಟೊಮೆಟೊ ರಸ್ತೆಗೆ ಸುರಿಯುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

‘ಫಾರಂ ಕೋಳಿಗಾದರೂ ಹಾಕಬಾರದಾ?’ ಅಂತ ಊರಲ್ಲಿ ಕೇಳುವವರಿದ್ದಾರೆ. ನಾಟಿ ಕೋಳಿಗೆ ಹಾಕಿ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಗಿರಿರಾಜ ತಳಿಯ ಕೋಳಿಗೂ ಹಾಕಿ. ಅಡ್ಡಾಡಿ ಮೇಯುವ ಕೋಳಿ ಬೇಕಾದಷ್ಟು ಕುಕ್ಕಿ ಮಿಕ್ಕದ್ದು ಬಿಡುತ್ತದೆ. ಆದರೆ ಫಾರಂನಲ್ಲಿ ಮಾಂಸಕ್ಕೆ ಸಾಕುವ ಬ್ರಾಯ್ಲರ್ ಆರು ವಾರದೊಳಗೆ ಎರಡು ಕಿಲೋ ತೂಗಬೇಕು. ಟೊಮೆಟೊದಲ್ಲಿ ನೂರಕ್ಕೆ 94 ಭಾಗ ನೀರೇ. ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಹಿಕ್ಕೆ ನೀರಾಗಿ ಶೆಡ್ಡಿನ ನೆಲಕ್ಕೆ ಹಾಸಿದ ಹೊಟ್ಟು ಹಸಿಯಾಗುತ್ತದೆ, ಅಮೋನಿಯಾ ಕಣ್ಣಿಗೆ ಹೊಡೆಯುತ್ತದೆ, ರೋಗ ಬೀಳುತ್ತದೆ.

ತಮಿಳುನಾಡಿನ ಪಲ್ಲಡಂ ಕಡೆ ಕರಾರಿನ ಮೇಲೆ ಸಾಕುವವರ ಲೆಕ್ಕ ಬೇರೆ. ಮರಿ, ಫೀಡು, ಔಷಧಿ ಕಂಪನಿಯದು. ಶೆಡ್ಡು, ದುಡಿಮೆ ರೈತನದು. ತಿಂದ ಫೀಡಿಗೆ ತಕ್ಕ ತೂಕ ಬರದಿದ್ದರೆ ಸಾಕಿದ ಕೂಲಿಗೇ ಪೆಟ್ಟು. ನಮ್ಮಲ್ಲೂ ಹೀಗೆ ಸಾಕುವವರು ತರಕಾರಿ ತಂಟೆಗೇ ಹೋಗುವುದು ಬೇಡ.

ಸ್ವಂತ ಫೀಡು ಅರೆಸುವವರಿಗೆ ದಾರಿ ಇದೆ, ಒಣಗಿಸುವ ದಾರಿ. ಆದರೆ ನೂರು ಕಿಲೋ ಟೊಮೆಟೊ ಒಣಗಿದರೆ ಸಿಗುವುದು ಆರೇಳು ಕಿಲೋ. ಒಬ್ಬ ರೈತನಿಗೆ ಇದು ಗಿಟ್ಟುವ ಕೆಲಸವಲ್ಲ. ಪಲ್ಪ್ ಫ್ಯಾಕ್ಟರಿಯಲ್ಲಿ ಹಿಂಡಿ ಉಳಿದ ಸಿಪ್ಪೆ, ಬೀಜವೇ ಮೇಲು: ನೀರು ಕಡಿಮೆ, ಬೀಜದಲ್ಲಿ ಪ್ರೋಟೀನ್ ಇದೆ. ನಾರು ಜಾಸ್ತಿಯಾದ್ದರಿಂದ ಫೀಡಿನಲ್ಲಿ ನೂರಕ್ಕೆ ಐದು ಭಾಗ ಸಾಕು. ಮೆಕ್ಕೆಜೋಳ, ಸೋಯಾ ಹಿಂಡಿ ಬಿಡುವ ಹಾಗಿಲ್ಲ.

ಮಂಡಿಯ ಪಕ್ಕದಲ್ಲೇ ಸೇಲಂನಂಥ ಒಂದು ಕಣ, ಮಳೆಗಾಲಕ್ಕೆ ಒಂದು ಡ್ರೈಯರ್, ಕೊಳ್ಳಲು ಒಪ್ಪಿದ ಒಂದು ಫೀಡ್ ಮಿಲ್ಲು, ಇಷ್ಟನ್ನು ಎಪಿಎಂಸಿ ಮತ್ತು ರೈತ ಸಂಘದವರು ಕೂಡಿ ಮಾಡಲೇಬೇಕು. ಬೂಷ್ಟು ಹಿಡಿದದ್ದನ್ನು, ಔಷಧಿ ಹೊಡೆದ ಮೇಲೆ ಕಾಯಬೇಕಾದ ಗಡುವು ಮುಗಿಯದ್ದನ್ನು ಕಣದ ಬಾಗಿಲಲ್ಲೇ ತಡೆಯಬೇಕು. ಬೇರೆ ತರಕಾರಿ ಬಂದರೂ ಹಸಿರು ತಿರುಗಿದ ಆಲೂಗಡ್ಡೆ ಬೇಡವೇ ಬೇಡ. ಈರುಳ್ಳಿಯೂ ಬೇಡ, ಅತಿಯಾದರೆ ಕೋಳಿಯ ರಕ್ತ ಕೆಡುತ್ತದೆ.